ಎವರಿಸ್ತೊನ ಮುಂಗೋಡೆ

ಎವರಿಸ್ತೊ ಮಾಡಿದ ತಪ್ಪು ಒಂದೇ. ಹಗಲು ಹೊತ್ತಿನಲ್ಲಿ, ನಡುಬೀದಿಗೆ ಕಾಣುವಂತೆ, ಮನೆಯ ಮುಂಗೋಡೆಗೆ ಏಣಿ ಇಟ್ಟ. ಆಂಟಿಗ್ವಾ ಪಟ್ಟಣದಲ್ಲಿ ಏಣಿ ಕಂಡರೆ ಜನ ಬೆಲ್ಲ ಕಂಡ ಇರುವೆಗಳಂತೆ ಬಂದು ಸೇರುತ್ತಾರೆ. ಏಣಿ ಹಿಡಿಯುವವರು ಮಾತ್ರ ಒಬ್ಬರೂ ಇಲ್ಲ.

ಮರುದಿನ ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದ ಮೆರವಣಿಗೆ ಆ ಬೀದಿಯಲ್ಲೇ ಹಾಯುವುದಿತ್ತು. ಅದನ್ನು ನೋಡಲು ಹೆಂಡತಿ ಕಾಂದೆಲಾರಿಯಾಳ ಅಕ್ಕ ಬರುವವಳಿದ್ದಳು. ಅಕ್ಕನ ಮನೆಯ ಮುಖ ಬಿಳಿ ಕಂಬ, ಸುರುಳಿ ಗಾರೆಗಳಿಂದ ಮದುವೆಯ ಕೇಕಿನಂತಿತ್ತು. ಇವರದಕ್ಕೆ ಕಜ್ಜಿ ಬಂದಂತಿತ್ತು.

"ಗೋಡೆಯೆಲ್ಲ ಒಂದೇ ಬಣ್ಣ ಆಗೋವರ್ಗೂ ನೀವು ಹೊಸಿಲು ದಾಟ್ಬೇಡಿ" ಎಂದು ಕಾಂದೆಲಾರಿಯಾ ಒಳಗಿನಿಂದ ಚಿಲಕ ಹಾಕಿದಳು. ಜೋಳದ ಹಿಟ್ಟಿನೊಳಗೆ ಮಾಂಸ ತುಂಬಿ ಬಾಳೆಲೆಯಲ್ಲಿ ಬೇಯಿಸುತ್ತಿದ್ದ ಟಮಾಲೆಯ ಘಮ ಕಿಟಕಿಯ ಕಬ್ಬಿಣದ ಸರಳುಗಳಿಂದ ಹೊರಬಂದು ಅವನ ಹಸಿವು ಕೆರಳಿಸುತ್ತಿತ್ತು.

ಈ ಊರಿನಲ್ಲಿ ಮುಂಗೋಡೆಗೆ ಮೊಳೆ ಹೊಡೆಯಲೂ ಹಳೇ ಕಟ್ಟಡಗಳ ಕಚೇರಿಯ ಒಪ್ಪಿಗೆ ಬೇಕು. ಅದು ಕೈಸೇರುವಷ್ಟರಲ್ಲಿ ಮೊಳೆ ತುಕ್ಕು ಹಿಡಿದಿರುತ್ತದೆ. ಹೇಗೋ ಹಳದಿಗೆ ಒಪ್ಪಿಗೆ ಸಿಕ್ಕಿತ್ತು. ಎವರಿಸ್ತೊ ಸುಣ್ಣಕ್ಕೆ ಹಳದಿ ಕಲಸಿ ಒಂದು ಮೂಲೆ ಬಳಿದ.

ಎದುರುಮನೆಯ ದೋನ್ ಫಿದೆನ್ಸಿಯೊ ಕುರ್ಚಿ ತಂದು ಕುಳಿತರು. ಹಳೇ ಸುಣ್ಣ ಕೆರೆಯದೆ ಬಳಿದರೆ ಹಪ್ಪಳದಂತೆ ಏಳುತ್ತದೆ ಎಂದರು. ಎವರಿಸ್ತೊ ಕೆರೆದ. ನೀಲಿ ಕಂಡಿತು. ಪಕ್ಕದ ಮನೆಯ ದೋನ್ಯಾ ಹಸಿಂತಾ ಕಣ್ಣೊರೆಸಿಕೊಂಡು, ತನ್ನ ಮದುವೆಯ ಕಾಲಕ್ಕೆ ಈ ಗೋಡೆ ನೀಲಿಯೇ ಇತ್ತು, ಅದನ್ನೇ ಬಳಿಯಬೇಕು ಎಂದರು.

"ನಿನ್ ಮದ್ವೇಲಿ ನೀನು ಗೋಡೆ ನೋಡ್ತಿದ್ಯಾ? ಇದು ಕೆಂಪಿತ್ತು ಕಣಮ್ಮ" ಎಂದರು ದೋನ್ ಫಿದೆನ್ಸಿಯೊ.

ಜಗಳ ಬಿಡಿಸಲು ಎವರಿಸ್ತೊ ಇನ್ನೂ ಆಳಕ್ಕೆ ಕೆರೆದ. ಕೆಂಪೂ ಬಂತು. ಅದರಡಿಯಿಂದ ಗಾರೆಯ ಹೂಬಳ್ಳಿ, ಆಮೇಲೆ ಮೂಗು ಮುರಿದ ದೇವದೂತನ ದುಂಡು ಮುಖವೂ ಇಣುಕಿತು. ಇಬ್ಬರನ್ನೂ ಸಮಾಧಾನ ಮಾಡುವಷ್ಟರಲ್ಲಿ ಗೋಡೆ ತೇಪೆ ಹಾಕಿದ ಕೌದಿಯಾಗಿತ್ತು.

ಸಂಜೆ ಹಳದಿ ನೋಡಲು ಕಚೇರಿಯ ಅಧಿಕಾರಿ ಬಂದ. "ಯಾರು ಇದನ್ನ ಮಾಡಿದ್ದು?" ಎಂದ. ಸಲಹೆಗಾರರಿಬ್ಬರಿಗೂ ಒಲೆಯ ಮೇಲಿಟ್ಟ ಹಾಲು ಒಟ್ಟಿಗೇ ನೆನಪಾಯಿತು. ಎವರಿಸ್ತೊ ಕೈ ಎತ್ತಿದ.

ಅಧಿಕಾರಿ ಅವನನ್ನು ತಬ್ಬಿಕೊಂಡ. ಮುರಿದ ಮೂಗನ್ನು ಸವರಿ, ಅಜ್ಜ, ಮುತ್ತಜ್ಜಂದಿರ ಕಾಲವೆಲ್ಲ ಒಂದೇ ಗೋಡೆಯಲ್ಲಿ ಕಾಣುತ್ತಿದೆ ಎಂದು ಹಿಗ್ಗಿದ. "ಇನ್ಮೇಲೆ ಇದಕ್ಕೆ ಯಾರೂ ಬ್ರಷ್ ತಾಗಿಸ್ಬಾರ್ದು. ಹಿಂಗೇ ಇರ್ಬೇಕು, ಯಾವತ್ತೂ."

ಹಾಲು ಮರೆತು ಓಡಿಬಂದ ಇಬ್ಬರೂ ಕೆರೆಯಲು ಹೇಳಿದ್ದು ತಾವೇ ಎಂದರು. ಎವರಿಸ್ತೊ ಮಾತ್ರ ಎದೆಯುಬ್ಬಿಸಿ ಬಾಗಿಲು ಬಡಿದ.

"ಒಂದೇ ಬಣ್ಣ ಆಯ್ತಾ?" ಒಳಗಿನಿಂದ ಕಾಂದೆಲಾರಿಯಾ ಕೇಳಿದಳು.

ಅವನು ಗೋಡೆ ನೋಡಿದ. ದೇವದೂತ ಇವನನ್ನೇ ನೋಡಿ ನಗುತ್ತಿದ್ದ.

ಸ್ವಲ್ಪ ಹೊತ್ತಿಗೆ ಕಿಟಕಿಯ ಸರಳುಗಳ ನಡುವಿನಿಂದ ಬಿಸಿ ಟಮಾಲೆ ಹೊರಬಂತು. ಎವರಿಸ್ತೊ ಊರಿನ ಅತಿ ಚೆಂದದ ಗೋಡೆಗೆ ಒರಗಿ ಕುಳಿತು ಎಲೆ ಬಿಚ್ಚಿದ. ಮಾಂಸ ಹದವಾಗಿ ಬೆಂದಿತ್ತು. ಕೊನೆಯ ತುತ್ತು ನುಂಗುವಾಗ ಅದೇ ಸರಳುಗಳ ನಡುವೆ ಕಂಬಳಿಯೊಂದು ನಿಧಾನವಾಗಿ ತೂರಿಕೊಂಡು ಬರುತ್ತಿತ್ತು.