ಬದಲಾವಣೆಗೆ ಒಪ್ಪಿದ ಒಬ್ಬೇ ಒಬ್ಬ ಮೇಷ್ಟ್ರ ಕುರಿತು

ಈ ವಾಯ್ಸ್ ಮೆಸೇಜ್ ಕೇಳ್ತಾ ಮುದುಕನಿಗೆ ಮರೆವು ಅನ್ನೋರು ಈಗಲೇ ಫೋನ್ ಕೆಳಗಿಡಿ. ಯಾವ ಪ್ರೊಫೆಸರ ಟೀಗೆ ಸಕ್ಕರೆ ಹಾಕಬಾರದು ಅಂತ ಮೂವತ್ತೊಂದು ವರ್ಷ ನೆನಪಿಟ್ಟ ತಲೆ ಇದು. ಸೊಸೆ, ನಾನು ಹೇಳೋ ಅರ್ಜಿನ ನೀನು ಹಂಗೇ ಟೈಪ್ ಮಾಡಮ್ಮ. ನಿನ್ನ ಗಂಡನ್ನ ಕೇಳಿ ತಿದ್ದಬೇಡ.

ಇಂದ:
ನಿವೃತ್ತ ಅಟೆಂಡರ್ (ಕಳೆದ ತಿಂಗಳಿಂದ),
ಪಠ್ಯಕ್ರಮ ಸಮಿತಿ ಕೊಠಡಿ

ಗೆ:
ಮಾನ್ಯ ಕುಲಪತಿಗಳು

ವಿಷಯ: ನಕ್ಷೆ ಮೇಷ್ಟ್ರಿಗೆ ತರಗತಿ ವಾಪಸು ಕೊಡುವ ಬಗ್ಗೆ.

ಉಲ್ಲೇಖ: ೧. ಸಮಿತಿಯ ನಲವತ್ತೊಂದು ಸಭೆಗಳು. ೨. ನನ್ನ ಬಾಯಿ.

ಮಾನ್ಯರೇ,

೧. ಏನೇ ಓದಲು ಬಂದ ವಿದ್ಯಾರ್ಥಿಯೂ ಕಡ್ಡಾಯವಾಗಿ ಓದಬೇಕಾದ ಒಂಬತ್ತು ಸಾಮಾನ್ಯ ವಿಷಯಗಳನ್ನು ಬದಲಿಸುವ ಬಗ್ಗೆ ತಾವು ಅಧ್ಯಾಪಕರ ಅಭಿಪ್ರಾಯ ಕೇಳಿದ್ದು ಸರಿಯಷ್ಟೆ. ಹೆಸರು ಬರೆಯಬೇಕಿಲ್ಲದ ಆ ನಮೂನೆಗಳನ್ನು ಹಂಚಿ, ವಾಪಸು ತಂದವನು ಅರ್ಜಿದಾರನಾದ ನಾನೇ.

೨. ಬದಲಾವಣೆ ಬೇಕೇ ಎಂಬುದಕ್ಕೆ ಅರವತ್ತೆರಡು ಮಂದಿಯೂ "ಅತ್ಯಗತ್ಯ" ಎಂದು ಬರೆದರು. ಯಾವುದನ್ನು ಬದಲಿಸಬೇಕು ಎಂಬುದಕ್ಕೆ ಅರವತ್ತೊಂದು ಮಂದಿ ಪಕ್ಕದ ಕೊಠಡಿಯವರ ವಿಷಯ ತೋರಿಸಿದರು. ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಓಡಿಸುವುದು ಎನ್ನುತ್ತಾರಲ್ಲ, ಅದರ ಲಿಖಿತ ರೂಪ.

೩. ಆ ಒಂಬತ್ತರಲ್ಲಿ ಒಂದಾದ ನಕ್ಷೆ ಓದುವುದನ್ನು ಕಲಿಸುವ ಮೇಷ್ಟ್ರು ಮಾತ್ರ ಪೆನ್ನು ಹಿಡಿದು ನನ್ನ ಕಡೆ ತಿರುಗಿದರು.

"ನಿಜ ಬರೀಲೇನಯ್ಯಾ?" ಅಂದರು.

"ಬರೀರಿ ಸಾರ್, ಹೆಸರೇ ಹಾಕಂಗಿಲ್ವಲ್ಲ" ಅಂದೆ.

ತಮ್ಮ ಪಾಠ ಅರ್ಧ ಹಳತಾಗಿದೆ, ತಿದ್ದಬೇಕು ಎಂದು ಬರೆದರು. ತಿದ್ದುವುದು ಹೇಗೆಂದು ಪಕ್ಕದಲ್ಲಿ ಒಂದು ನಕ್ಷೆಯನ್ನೂ ಹಾಕಿದರು. ಆ ಕಾರಣ, ಅದು ಯಾರ ನಮೂನೆ ಎಂದು ಸಮಿತಿ ಯಾರನ್ನೂ ಕೇಳಬೇಕಾಗಲಿಲ್ಲ.

೪. ಅವರೇ ಬೇಡವೆಂದ ಮೇಲೆ ನಮ್ಮದೇನು ಎಂದರು ಅಧ್ಯಕ್ಷರು. ನಕ್ಷೆ ಪಾಠ ರದ್ದಾಯಿತು. ಸಮಿತಿಯ ಹನ್ನೊಂದು ವರ್ಷಗಳಲ್ಲಿ ಎಲ್ಲರೂ ಒಪ್ಪಿದ ನಿರ್ಣಯ ಅದೊಂದೇ. ಉಳಿದ ಎಂಟು ಅಲ್ಲಾಡಲಿಲ್ಲ. ಖಾಲಿ ಜಾಗಕ್ಕೆ "ಬದಲಾವಣೆಗೆ ಹೊಂದಿಕೊಳ್ಳುವ ಕಲೆ" ಎಂಬ ಹೊಸ ವಿಷಯ ಬಂತು. ಅದನ್ನು ಕಲಿಸಲು ಈವರೆಗೆ ಯಾರೂ ಒಪ್ಪಿಲ್ಲ.

೫. ಮೇಷ್ಟ್ರನ್ನು ಈಗ ಪರೀಕ್ಷಾ ವಿಭಾಗದಲ್ಲಿ ಉತ್ತರಪತ್ರಿಕೆಗಳ ಕಟ್ಟಿಗೆ ದಾರ ಕಟ್ಟಲು ಕೂರಿಸಿದ್ದಾರೆ. ಮೊನ್ನೆ ಹೋಗಿ, ತಪ್ಪಾಯಿತು ಸಾರ್ ಅಂದೆ.

"ನಿಂದೇನಿದೆ ಬಿಡಯ್ಯಾ. ದಾರಿ ಸರಿಯಾಗೇ ತೋರಿಸ್ದೆ. ಊರು ಎಂಥದ್ದು ಅಂತ ನಾನು ನೋಡ್ಕೋಬೇಕಿತ್ತು" ಅಂದರು. ನಗುತ್ತಲೇ ಅಂದರು. ಬೈದಿದ್ದರೆ ನನಗೆ ಅನ್ನ ಸೇರುತ್ತಿತ್ತು.

ಆದ್ದರಿಂದ, ಆ ಹೊಸ ವಿಷಯ ಕಲಿಸಲು ಅವರನ್ನೇ ನೇಮಿಸಬೇಕೆಂದು ಕೋರುತ್ತೇನೆ. ಈ ವಿಶ್ವವಿದ್ಯಾಲಯದಲ್ಲಿ ಅದರ ಅನುಭವ ಇರುವವರು ಅವರೊಬ್ಬರೇ.

ತಮ್ಮ ವಿಶ್ವಾಸಿ,
ನಿವೃತ್ತ ಅಟೆಂಡರ್

ಲಗತ್ತು:
೧. ಮೇಷ್ಟ್ರ ನಮೂನೆ, ನಕ್ಷೆ ಸಮೇತ.
೨. ಉಳಿದ ಅರವತ್ತೊಂದು ನಮೂನೆಗಳು. ರದ್ದಿಗೆ ಹಾಕು ಎಂದಿದ್ದರು, ಹಾಕಿಲ್ಲ. ಹೆಸರಿಲ್ಲದಿದ್ದರೂ ಯಾರ ಅಕ್ಷರ ಯಾವುದೆಂದು ನನಗೆ ಗೊತ್ತು.

ಆಯ್ತಮ್ಮ. ಕೇಳಿದೋರೆಲ್ಲ ಇದನ್ನ ಇನ್ನಿಬ್ಬರಿಗೆ ಕಳಿಸಿ. ಎರಡನೇ ಲಗತ್ತು ಮಾತ್ರ ಸದ್ಯಕ್ಕೆ ನಮ್ಮ ಬೀರುವಿನಲ್ಲೇ ಇರಲಿ. ಉತ್ತರ ಬರದಿದ್ರೆ ನೋಡೋಣ.