ಬಾಣಂತಿಯ ಪರವಾಗಿ

ಮಗುವಿನ ಕೆನ್ನೆಯ ಮೇಲೆ ಎದ್ದ ಒಂದು ಕೆಂಪು ದದ್ದಿನಿಂದಾಗಿ ಗಡಿಯಾರ ರಿಪೇರಿಯವನ ಮನೆಯಲ್ಲಿ ಮೂರು ವಾರದಿಂದ ಚಹಾ ನಿಂತುಹೋಗಿತ್ತು. ಎದೆಹಾಲು ಬಿಟ್ಟು ಬೇರೇನೂ ಕುಡಿಯದ ನಾಲ್ಕು ತಿಂಗಳ ಕೂಸು. ತಾಯಿ ತಿಂದದ್ದೇನೋ ಅದಕ್ಕೆ ಒಗ್ಗುತ್ತಿಲ್ಲ, ಮೊದಲು ಹಸುವಿನ ಹಾಲು ಬಿಟ್ಟು ನೋಡಿ ಎಂದಿದ್ದರು ಡಾಕ್ಟರು. ಹೆಂಡತಿ ಬಿಟ್ಟಳು. "ನೀನು ಕುಡಿಯದ ಚಹಾ ನಂಗೂ ಬೇಡ" ಎಂದು ಇವನೂ ವೀರಾವೇಶದಿಂದ ಬಿಟ್ಟ. ಆ ಮಾತಾಡಿದ ನಾಲಿಗೆಯನ್ನು ಆಮೇಲೆ ದಿನಕ್ಕೆ ನಾಲ್ಕು ಸಲ ಕಚ್ಚಿಕೊಂಡ.

ದದ್ದು ಮಾಯವಾಯಿತು. ಹಾಲೇ ಕಾರಣವೋ ಅಲ್ಲವೋ ಎಂದು ಈಗ ಖಾತ್ರಿಯಾಗಬೇಕಿತ್ತು. ಹೆಂಡತಿ ಮೂರು ದಿನ ಹಾಲು ಕುಡಿಯಬೇಕು, ಹೊಸದಾಗಿ ಬೇರೇನನ್ನೂ ತಿನ್ನಬಾರದು. ದದ್ದು ಏಳದಿದ್ದರೆ ಹಾಲು ನಿರಪರಾಧಿ. ಇವತ್ತು ಮೂರನೆಯ ದಿನ, ಭಾನುವಾರ. ಸಂಜೆ ಆರಕ್ಕೆ ಕೊನೆಯ ತಪಾಸಣೆ. ಕೆನ್ನೆ ಚೊಕ್ಕವಾಗಿದ್ದರೆ ಇಬ್ಬರಿಗೂ ಚಹಾ!

"ಗಡಿಯಾರದ್ದೂ ಹೀಗೇ ಕಣೇ. ಒಂದ್ಸಲಕ್ಕೆ ಒಂದೇ ಚಕ್ರ ಮುಟ್ಟಬೇಕು. ಎರಡು ಬಿಚ್ಚಿದ್ರೆ ಯಾವುದು ಕೆಟ್ಟಿತ್ತು ಅಂತ ದೇವರಿಗೂ ಗೊತ್ತಾಗಲ್ಲ. ಇವತ್ತು ನಾನು ಬಾಗಿಲು ಕಾಯ್ತೀನಿ, ಹೊಸದೊಂದು ಕಾಳೂ ಒಳಗೆ ಬರಲ್ಲ" ಎಂದ.

"ಕಾಯಿರಿ. ಆದ್ರೆ ಯಾರ ಮನಸ್ಸೂ ನೋಯಿಸ್ಬೇಡಿ" ಎಂದು ಹೆಂಡತಿ ಮಗುವನ್ನೆತ್ತಿಕೊಂಡು ಒಳಕೋಣೆಗೆ ಹೋದಳು.

ಒಂಬತ್ತಕ್ಕೆ ಮೇಲಿನ ಮನೆಯ ನರ್ಸಮ್ಮ ಇಳಿದು ಬಂದರು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಕಂಡವರ ನಾಡಿ ಹಿಡಿಯುವುದನ್ನು ಬಿಟ್ಟಿರಲಿಲ್ಲ. ಕೈಯಲ್ಲಿ ಹುರಿದ ಕಡಲೇಕಾಯಿ ಬೀಜದ ಡಬ್ಬಿ.

"ಬಾಣಂತಿಗೆ ಶಕ್ತಿ ಬರ್ಲಿ ಅಂತ ತಂದೆ. ತಿಂದು ಡಬ್ಬಿ ಕೊಡ್ಲಿ, ಅಲ್ಲೀವರ್ಗೂ ಕೂತಿರ್ತೀನಿ."

ಹೆರಿಗೆಯ ದಿನ ಆಸ್ಪತ್ರೆಯವರೆಗೂ ಹೆಂಡತಿಯ ಕೈ ಬಿಡದೆ ಹಿಡಿದಿದ್ದ ಹೆಂಗಸು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಡಬ್ಬಿಯನ್ನು ಅಡುಗೆಮನೆಗೆ ಒಯ್ದು, ನಿಂತಲ್ಲೇ ಅಷ್ಟನ್ನೂ ತಾನೇ ಮುಕ್ಕಿ, ಬಾಯೊರೆಸಿಕೊಂಡು ಬಂದ.

"ತುಂಬಾ ಇಷ್ಟಪಟ್ಲು, ನರ್ಸಮ್ಮ."

"ಪಾಪ, ಎಷ್ಟು ಹಸಿದಿದ್ಲೋ!" ಎಂದು ಅವರು ಹೊರಟರು. ಅವರು ಮೆಟ್ಟಿಲು ಹತ್ತುವ ಮೊದಲೇ ಸುದ್ದಿ ಮೆಟ್ಟಿಲಿಳಿಯಿತು.

ಹತ್ತೂವರೆಗೆ ಕೆಳಮನೆಯ ಟೀಚರಮ್ಮ ಬೇಯಿಸಿದ ನಾಲ್ಕು ಮೊಟ್ಟೆ ತಂದರು. ಮೊಟ್ಟೆಗಳೂ ಅದೇ ದಾರಿ ಹಿಡಿದವು. "ನಾಲ್ಕೂ ಖಾಲಿನಾ?" ಎಂದು ಬೆರಗಾದ ಟೀಚರಮ್ಮ ಹನ್ನೆರಡಕ್ಕೆ ಹುರಿದ ಮೀನು ತಂದರು. ಮೂರಕ್ಕೆ ಎದುರುಮನೆಯ ಬೇಕರಿಯವನು ಒಂದಿಡೀ ಕೇಕ್ ಹೊತ್ತು ನಿಂತಿದ್ದ.

"ಅಣ್ಣಾ, ಅವಳಿಗೆ ಈಗಷ್ಟೇ ಊಟ ಆಯ್ತು..."

"ನರ್ಸಮ್ಮಂದು ತಿಂದ್ರು, ಟೀಚರಮ್ಮಂದು ತಿಂದ್ರು. ನಂದು ಮಾತ್ರ ಬೇಡ್ವಾ?" ಬೇಕರಿಯವನ ಮುಖ ಬಾಡಿತು.

ಪಾಪ, ಗಡಿಯಾರದವನು ಅಡುಗೆಮನೆಯ ಗೋಡೆಗೊರಗಿ ಕೇಕನ್ನೂ ಮುಗಿಸಿದ. ಕೊನೆಯ ತುಂಡನ್ನು ನೀರಿನೊಂದಿಗೆ ಮಾತ್ರೆಯಂತೆ ನುಂಗಬೇಕಾಯಿತು.

ಸಂಜೆ ಆರಕ್ಕೆ ಮಗುವಿನ ಕೆನ್ನೆಯ ತಪಾಸಣೆ ಇದೆ ಎಂದು ಹೇಗೋ ತಿಳಿದು, ಕೊಟ್ಟವರೆಲ್ಲ ಫಲಿತಾಂಶ ನೋಡಲು ಬಂದು ಕೂತರು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಇವನು ಗಡಿಯಾರ ನೋಡುವ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಮಗುವಿನ ಕೆನ್ನೆಯನ್ನು ಮೆಲ್ಲಗೆ ಹಿಡಿದು ಬಗ್ಗಿದ.

ಮಸೂರದ ತುಂಬ ಕೆಂಪು!

"ದದ್ದು! ದದ್ದು ಬಂತು ಕಣೇ!" ಎಂದು ಕೂಗಿಕೊಂಡ. ಆ ಕ್ಷಣ ಅವನಿಗೆ ಚಹಾ ನೆನಪಿರಲಿಲ್ಲ, ಮಗುವಿಗೆ ಏನಾಯಿತೋ ಎಂಬುದೊಂದೇ ತಲೆಯಲ್ಲಿತ್ತು.

ಹೆಂಡತಿ ಬಗ್ಗಿ ನೋಡಿದಳು. "ಅಯ್ಯೋ, ಅದು ಕೆನ್ನೆ ಅಲ್ಲಾರೀ. ನಿಮ್ಮ ಬೆರಳು!"

ಬೆರಳಷ್ಟೇ ಅಲ್ಲ, ಮೊಣಕೈ, ಕುತ್ತಿಗೆ, ಕಿವಿಗಳೆಲ್ಲ ಕೆಂಪಗೆ ಉಬ್ಬಿದ್ದವು. ಮಗುವಿನ ಕೆನ್ನೆ ಮಾತ್ರ ನುಣ್ಣಗಿತ್ತು. ಅದು ಅಪ್ಪನನ್ನು ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಿತು.

ಹೆಂಡತಿ ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. "ಇವತ್ತು ಏನೇನು ತಿಂದ್ರಿ?" ಎಂದರು ಡಾಕ್ಟರು. ಎಲ್ಲರೆದುರು ಒಂದೊಂದನ್ನೇ ಹೇಳದೆ ಗತಿಯಿರಲಿಲ್ಲ. ನರ್ಸಮ್ಮ ಬಾಣಂತಿಯನ್ನು ನೋಡಿದರು. "ಹಾಗಾದ್ರೆ ನೀನು?"

"ನಾನು ಅನ್ನ, ಬೇಳೆ, ಹಾಲು ಬಿಟ್ಟು ಬೇರೇನೂ ಮುಟ್ಟಿಲ್ಲ."

"ನನ್ನ ಬೀಜದಿಂದ ಆಗಿರಕ್ಕೆ ಸಾಧ್ಯವೇ ಇಲ್ಲ" ಎಂದರು ನರ್ಸಮ್ಮ. "ನನ್ನ ಮೀನು ಬೆಳಗ್ಗೆ ತಾನೇ ತಂದಿದ್ದು" ಎಂದರು ಟೀಚರಮ್ಮ. "ನನ್ನ ಕೇಕಲ್ಲಿ ಹಿಟ್ಟು, ಮೊಟ್ಟೆ, ಹಾಲು ಬಿಟ್ಟು ಬೇರೇನೂ ಬೆರಕೆ ಇಲ್ಲ" ಎಂದು ಬೇಕರಿಯವನು ಎದೆಯುಬ್ಬಿಸಿದ.

"ಹಾಲೂ ಇತ್ತಾ?" ಎಂದಿತು ಫೋನು. "ಉಸಿರಾಟ ಸರಿಯಾಗಿದೆ ತಾನೇ? ಒಂದು ಮಾತ್ರೆ ಬರೀತೀನಿ. ಕಡಲೇಕಾಯಿ, ಮೊಟ್ಟೆ, ಮೀನು, ಗೋಧಿ, ಹಾಲು, ಎಲ್ಲ ಮೂರು ವಾರ ಬಂದ್. ಆಮೇಲೆ ಒಂದೊಂದಾಗಿ ನೋಡೋಣ. ನಿಮ್ಮ ಹೆಂಡ್ತಿ, ಮಗು ಇಬ್ರೂ ಪಾಸು. ಅವರು ಧಾರಾಳವಾಗಿ ಹಾಲು ಕುಡೀಬಹುದು."

"ಡಾಕ್ಟ್ರೇ, ಹುಟ್ಟಿದಾಗಿಂದ ಹಾಲು ಕುಡಿದಿದ್ದೀನಿ!"

"ಮೊಟ್ಟೆನೂ ಚಿಕ್ಕಂದಿನಿಂದ ತಿಂದಿದ್ರಿ ತಾನೇ? ಆದ್ರೂ ಇವತ್ತು ಯಾವುದೋ ಒಂದು ಕೈಕೊಟ್ಟಿದೆ."

ಹೆಂಡತಿ ಮೂವರು ಅತಿಥಿಗಳಿಗೂ ತನಗೂ ಚಹಾ ಸೋಸಿದಳು. ಇವನು ಮಗುವನ್ನು ಎದೆಗವಚಿಕೊಂಡು, ಅದರ ನುಣುಪು ಕೆನ್ನೆಗೆ ಕೆನ್ನೆ ತಾಗಿಸಿ ನೆಮ್ಮದಿಯಿಂದ ಉಸಿರುಬಿಟ್ಟ. ಆಮೇಲೆ ಫೋನಿನ ಹತ್ತಿರ ಬಗ್ಗಿ ತಗ್ಗಿದ ದನಿಯಲ್ಲಿ ಕೇಳಿದ.

"ಡಾಕ್ಟ್ರೇ, ಚಹಾದ ಬರೀ ಘಮ ನೋಡಬಹುದಾ?"

"ದೂರದಿಂದ" ಎಂದರು ಡಾಕ್ಟರು.