ಕೆಲಸ ಕೊಡಿಸುವ ಕೆಲಸ

ವಿಕಲಚೇತನರಿಗೆ ಕೆಲಸ ಹುಡುಕಿಕೊಡುವ ಒಂದು ಪುಟ್ಟ ಸಂಸ್ಥೆಯಲ್ಲಿ ನಾನು ಹದಿನೆಂಟು ವರ್ಷ ಇದ್ದೆ. ಇದನ್ನು ಹೇಳಿದ ಕೂಡಲೇ ಜನ ದನಿ ತಗ್ಗಿಸಿ, "ಎಂಥಾ ಪುಣ್ಯದ ಕೆಲಸ ನಿಮ್ಮದು!" ಅನ್ನುತ್ತಾರೆ. ಪುಣ್ಯ ಎಷ್ಟು ಬಂತೋ ದೇವರಿಗೇ ಗೊತ್ತು. ನಗು ಮಾತ್ರ ವಾರಕ್ಕೊಂದಾದರೂ ತಾನಾಗಿಯೇ ಆಫೀಸಿನ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಚೆನ್ನೈನ ಕಡಲ ಪಕ್ಕದ ರಾಯಪುರಂನಲ್ಲಿ ಒಂದು ಹಳೇ ಮನೆಯ ಕೆಳಭಾಗ ನಮ್ಮ ಆಫೀಸು. ಕಿಟಕಿ ತೆಗೆದರೆ ಮೀನಿನ ವಾಸನೆ, ಮುಚ್ಚಿದರೆ ಸೆಕೆ. ಈಗ ಆ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದ್ದಾರೆ. ಆದರೂ ಮಧ್ಯಾಹ್ನ ಊಟ ಮುಗಿಸಿ ಒರಗಿದರೆ ಅಲ್ಲಿಯ ದನಿಗಳೇ ಕಿವಿಗೆ ಬರುತ್ತವೆ.

ಜುಮುಕಿಯ ಉತ್ತರ

ಮೊದಲು ನನ್ನ ಪೆದ್ದುತನವನ್ನೇ ಹೇಳಿಬಿಡುತ್ತೇನೆ. ಮದುವೆಯಾಗಿ ಮೈಸೂರಿನಿಂದ ಚೆನ್ನೈಗೆ ಬಂದ ಎರಡನೇ ವರ್ಷ ಅಲ್ಲಿ ಇಂಟರ್‌ವ್ಯೂಗೆ ಹೋಗಿದ್ದೆ. ಸಂಸ್ಥೆಯ ನಿರ್ದೇಶಕರಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡದವರು. ಅವರ ಮಾತಿನಲ್ಲಿ ಕನ್ನಡ ಯಾವುದು, ತಮಿಳು ಯಾವುದು ಅಂತ ಬಿಡಿಸುವುದು ಕಷ್ಟ.

"ದಿನಾ ಬಸ್ಸಲ್ಲಿ ಊರೆಲ್ಲ ಅಲೀಬೇಕಾಗತ್ತೆ. ಆಗತ್ತೇನಮ್ಮಾ?"

ನಾನು ಭಕ್ತಿಯಿಂದ ತಲೆಯಾಡಿಸಿದೆ.

"ಕಂಪನಿಯವರು ಬಾಗಿಲಲ್ಲೇ ನಿಲ್ಲಿಸಿ 'ಪೋಮ್ಮಾ' ಅಂತಾರೆ. ಕೋಪ ಮಾಡ್ಕೋಬಾರ್ದು. ಸರಿಯಾ?"

ಇನ್ನೂ ಜೋರಾಗಿ ಆಡಿಸಿದೆ. ಅವರು ತಲೆ ವಾಲಿಸಿ ನನ್ನ ಕಡೆ ಕಿವಿಗೊಟ್ಟರು. ಏನೋ ಯೋಚಿಸುತ್ತಿದ್ದಾರೆ ಅಂದುಕೊಂಡೆ. ಆಮೇಲೆ ನಿಧಾನವಾಗಿ ಹೇಳಿದರು: "ಅಮ್ಮಾ, ನಿಮ್ಮ ಜುಮುಕಿ ಸದ್ದು ಚೆನ್ನಾಗಿ ಕೇಳಿಸ್ತಿದೆ. ತಲೆ ಆಡಿಸ್ತಿದ್ದೀರ, ಅಷ್ಟು ತಿಳೀತು. ಮೇಲೆ ಕೆಳಗಾ, ಆ ಕಡೆ ಈ ಕಡೆಯಾ? ಅದೊಂದು ಹೇಳಿದ್ರೆ ಆರ್ಡರ್ ಟೈಪ್ ಮಾಡಿಸಿಬಿಡ್ತೀನಿ."

ನಾಚಿಕೆಯಿಂದ ಕುಗ್ಗಿಹೋಗಿ, "ಹೌದು ಸರ್, ಹೌದು," ಅಂದೆ. ಅಂದದ್ದಲ್ಲದೆ ತಲೆಯನ್ನೂ ಆಡಿಸಿದೆ.

"ಹಾಂ, ಇದು ಮೇಲೆ ಕೆಳಗೆ," ಅಂದರು ಸರ್.

ತೊಂದರೆ ಏನು?

ನಮ್ಮಲ್ಲಿ ಹೆಸರು ಬರೆಸುವವರಿಗೆ ಒಂದು ಫಾರಂ ಇತ್ತು. ಅದರಲ್ಲಿ "ನಿಮಗಿರುವ ತೊಂದರೆ" ಅಂತ ಒಂದು ಜಾಗ. ಪೋಲಿಯೋದಿಂದ ಎರಡೂ ಕಾಲು ಸೋತಿದ್ದ ಒಬ್ಬರು, ಟೈಪಿಂಗಿನಲ್ಲಿ ಭಾರೀ ಚುರುಕು, ಆ ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೋದರು. ಓದಿ ನೋಡಿದೆ. ಕಾಲಿನ ಸುದ್ದಿಯೇ ಇಲ್ಲ. "ನಮ್ಮ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸುವುದಿಲ್ಲ" ಅಂತ ಶುರು ಮಾಡಿ, ಡ್ರೈವರು ಹೇಗೆ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲಿಸುತ್ತಾನೆ, ಇವರು ಊರುಗೋಲು ಊರಿಕೊಂಡು ಹತ್ತಿರ ಬರುವಷ್ಟರಲ್ಲಿ ಕಂಡಕ್ಟರು ಹೇಗೆ ಸೀಟಿ ಊದಿ ಬಸ್ಸು ಬಿಡಿಸುತ್ತಾನೆ, ಎಲ್ಲ ಬರೆದಿದ್ದರು.

"ಸರ್, ಇಲ್ಲಿ ಕಾಲಿನ ತೊಂದರೆ ಬರೀಬೇಕು," ಅಂದೆ.

"ಕಾಲಿಂದ ನನಗೇನೂ ತೊಂದರೆ ಇಲ್ಲ ಮೇಡಂ. ಅದು ಚಿಕ್ಕಂದಿನಿಂದ ಪರಿಚಯ. ಈ ಡ್ರೈವರು ಹೊಸಬ."

ಸದ್ದಿಲ್ಲದ ಹರಟೆ

ಸೌಕಾರ್‌ಪೇಟೆಯಲ್ಲಿ ಮಣಿಸರಗಳ ಹೋಲ್‌ಸೇಲ್ ಅಂಗಡಿಯ ಸೇಠರೊಬ್ಬರು ತಾವಾಗಿಯೇ ಫೋನ್ ಮಾಡಿದರು. "ಕಿವಿ ಕೇಳದವರು ಇದ್ದರೆ ಕಳಿಸಿ. ನಮ್ಮ ಹೆಂಗಸರು ಬೆಳಗಿಂದ ಸಂಜೆವರೆಗೂ ಹರಟೆ. ಅವರಾದರೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡ್ತಾರೆ."

ಉದ್ದೇಶ ಚೆನ್ನಾಗಿರಲಿಲ್ಲ, ಆದರೆ ಕೆಲಸ ಒಳ್ಳೆಯದು. ಒಬ್ಬಳು ಹುಡುಗಿಯನ್ನು ಸೇರಿಸಿದೆ. ಮಾತು ಬಾರದು, ಕಿವಿ ಕೇಳದು. ಮಣಿ ಪೋಣಿಸಲು ಕೂತರೆ ಬೆರಳು ಕಣ್ಣಿಗೆ ಕಾಣಿಸುತ್ತಿರಲಿಲ್ಲ. ಎರಡು ತಿಂಗಳಿಗೆ ಸೇಠರ ಫೋನು: "ತಕ್ಷಣ ಬನ್ನಿ."

ಕೆಲಸ ಹೋಯಿತೇನೋ ಅಂತ ಓಡಿದೆ. ಅಂಗಡಿಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಹನ್ನೊಂದು ಹೆಂಗಸರು ತಲೆ ತಗ್ಗಿಸಿ ಕೂತಿದ್ದಾರೆ.

"ಎಷ್ಟು ಶಾಂತವಾಗಿದೆ ಸೇಠ್‌ಜಿ!"

"ಏನು ಶಾಂತ? ಈಕೆ ಎಲ್ಲರಿಗೂ ಕೈಭಾಷೆ ಕಲಿಸಿಬಿಟ್ಟಿದ್ದಾಳೆ! ಮೊದಲು ಹರಟಿದರೆ ಕೇಳಿಸುತ್ತಿತ್ತು, ಗದರಿಸುತ್ತಿದ್ದೆ. ಈಗ ನಾನು ತಿರುಗಿದರೆ ಸಾಕು, ಹಿಂದೆ ಹರಟೆ. ಅದೂ ನನ್ನ ಮೇಲೆ!"

"ನಿಮ್ಮ ಮೇಲೇ ಅಂತ ಹೇಗೆ ಗೊತ್ತು?"

"ಒಂದು ಸನ್ನೆ ಪದೇಪದೇ ಮಾಡ್ತಾರೆ. ಮಾಡಿದ ಮೇಲೆ ಎಲ್ಲರೂ ನಗ್ತಾರೆ. ಹೀಗೆ..." ಅಂತ ಎರಡೂ ಕೈಯಲ್ಲಿ ಪ್ಯಾಂಟು ಮೇಲೆಳೆದುಕೊಳ್ಳುವ ಹಾಗೆ ಮಾಡಿ ತೋರಿಸಿದರು. "ಇದಕ್ಕೇನು ಅರ್ಥ?"

ಕೈಭಾಷೆಯಲ್ಲಿ ಪ್ರತಿಯೊಬ್ಬರಿಗೂ ಅವರ ಅಭ್ಯಾಸ ನೋಡಿ ಒಂದು ಹೆಸರಿಡುತ್ತಾರೆ. ಅದು ಸೇಠರ ಹೆಸರು ಅಂತ ನನಗೆ ತಕ್ಷಣ ಹೊಳೆಯಿತು. ಅಳುಕುತ್ತಲೇ ವಿವರಿಸಿದೆ.

"ನಾನಾ? ನಾನೆಲ್ಲಿ ಹಾಗೆ ಮಾಡ್ತೀನಿ!" ಅಂತ ಸಿಟ್ಟಿನಿಂದ ಎದ್ದ ಸೇಠರು, ಎರಡೂ ಕೈಯಲ್ಲಿ ಪ್ಯಾಂಟು ಮೇಲೆಳೆದುಕೊಂಡರು. ಹನ್ನೊಂದು ಜನರ ನಗುವಿಗೆ ಆವತ್ತು ಚೆನ್ನಾಗಿಯೇ ಸದ್ದಿತ್ತು.

ಫುಟ್‌ಪಾತಿನ ಇಂಟರ್‌ವ್ಯೂ

ಹಾರ್ಬರಿನ ಹತ್ತಿರ ಸರಕು ಸಾಗಣೆಯ ಒಂದು ಕಂಪನಿ. ವಿಕಲಚೇತನರಿಗೆಂದೇ ಒಂದು ಗುಮಾಸ್ತೆ ಹುದ್ದೆ ಇಟ್ಟಿದ್ದರು. ಇಂಟರ್‌ವ್ಯೂ ಮೂರನೇ ಮಹಡಿಯಲ್ಲಿ. ಲಿಫ್ಟು ಕೆಟ್ಟಿತ್ತು. ನಮ್ಮ ಅಭ್ಯರ್ಥಿ ಗಾಲಿಕುರ್ಚಿಯವರು. ಹಿಂದೆ ಮೂರು ಕಡೆ ಇದೇ ಮೆಟ್ಟಿಲಿನ ಕಾರಣಕ್ಕೆ ವಾಪಸಾಗಿದ್ದವರು.

ವಾಚ್‌ಮನ್ "ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗ್ತೀವಿ" ಅಂದ.

"ಇವತ್ತು ಎತ್ತುತ್ತೀರಿ. ಕೆಲಸ ಸಿಕ್ಕಿದರೆ ದಿನಾ ಎತ್ತುತ್ತೀರಾ?" ಅಂದರು ಇವರು. "ಅವರನ್ನೇ ಇಳಿದು ಬರೋಕೆ ಹೇಳಿ. ಅವರಿಗೆ ಕಾಲಿದೆಯಲ್ಲ."

ಹೀಗಂದರೆ ಈ ಕೆಲಸವೂ ಕೈತಪ್ಪುತ್ತದೆ ಅನ್ನಿಸಿತು. ಆದರೂ ಮೇಲೆ ಹೋಗಿ ಹೇಳಿದೆ. ಅಚ್ಚರಿಯೆಂದರೆ ಮೂವರು ಅಧಿಕಾರಿಗಳು ಫೈಲು ಹಿಡಿದು ಇಳಿದೇ ಬಂದರು. ಕೆಳಗೆ ಜಾಗವೆಲ್ಲಿ? ಟೀ ಅಂಗಡಿಯ ಬೆಂಚೇ ಗತಿ. ಪ್ರಶ್ನೆ ಶುರುವಾಗಿ ಐದು ನಿಮಿಷವಾಗಿಲ್ಲ, ಬೆಂಚಿನ ಪಕ್ಕ ಜನ ಸಾಲಾಗಿ ನಿಂತರು. ಫೈಲು, ಪೆನ್ನು, ಪ್ಯಾಂಟು ಹಾಕಿದ ಮೂವರು. ಸರ್ಕಾರದವರೇ ಏನೋ ಬರೆದುಕೊಳ್ಳಲು ಬಂದಿದ್ದಾರೆ ಅಂತ ಅವರ ಲೆಕ್ಕ. ಸಾಲಿನ ಮುಂದೆ ಮೀನು ಮಾರುವ ಒಬ್ಬ ಅಜ್ಜಿ, ಬುಟ್ಟಿ ಕೆಳಗಿಟ್ಟು, ರೇಷನ್ ಕಾರ್ಡು ಹಿಡಿದು, ಎಲ್ಲ ಪ್ರಶ್ನೆಗಳನ್ನೂ ಗಮನವಿಟ್ಟು ಕೇಳುತ್ತಿದ್ದಳು.

ಇಪ್ಪತ್ತು ನಿಮಿಷವಾದ ಮೇಲೆ ಅವಳಿಗೆ ತಡೆಯಲಿಲ್ಲ. ಹಿರಿಯ ಅಧಿಕಾರಿಯ ಭುಜ ತಟ್ಟಿದಳು. "ಎನ್ನಪ್ಪಾ, ಆಗಲಿಂದ ನೋಡ್ತಿದ್ದೀನಿ. ಅವನು ಎಲ್ಲ ಬಾಯಲ್ಲೇ ಹೇಳ್ತಾನೆ. ನೀನು ಒಂದು ಪ್ರಶ್ನೆ ಕೇಳೋಕೂ ಕಾಗದ ನೋಡ್ತೀಯ. ನಿನ್ನ ಕೆಲಸಾನೇ ಅವನಿಗೆ ಕೊಟ್ಟುಬಿಡು!"

ಬೆಸೆಂಟ್ ನಗರದ ಕಾಫಿ

ಇದನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ನಮ್ಮಲ್ಲಿ ಹೆಸರು ಬರೆಸಿದ್ದ ಒಬ್ಬ ಹುಡುಗ, ವಯಸ್ಸು ಇಪ್ಪತ್ತಾರು. ಬುದ್ಧಿಯ ಬೆಳವಣಿಗೆ ನಿಧಾನ. ಕಲಿಯಲು ಹೊತ್ತು ಬೇಕು, ಕಲಿತರೆ ಜನ್ಮದಲ್ಲಿ ಮರೆಯುವವನಲ್ಲ. ಬೆಸೆಂಟ್ ನಗರದ ಒಂದು ಟಿಫಿನ್ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಕೊಡಿಸಿ, ಹದಿನೈದು ದಿನ ನಾನೇ ಜೊತೆಗಿದ್ದು ಕಲಿಸಿದೆ. ಅವರಮ್ಮ ದಿನವೂ ಎದುರಿನ ಮರದ ಕೆಳಗೆ ಕೂತು ಒಳಗೆ ನೋಡುತ್ತಿದ್ದರು.

ಹದಿನಾರನೇ ದಿನ ಮಾಲೀಕರ ಫೋನು. "ಮೇಡಂ, ಇವನನ್ನು ಕರ್ಕೊಂಡು ಹೋಗಿ. ಗಿರಾಕಿ 'ವಡೆ ಇದೆಯಾ' ಅಂದ್ರೆ, 'ಇದೆ, ಬೆಳಿಗ್ಗೆದು, ಗಟ್ಟಿಯಾಗಿದೆ' ಅಂತಾನೆ!"

ಮರದ ಕೆಳಗೆ ಕೂತ ಆ ತಾಯಿಯ ಮುಖ ಕಣ್ಣಿಗೆ ಬಂತು. ಓಡಿಹೋಗಿ ಮಾಲೀಕರ ಕೈಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಒಂದು ಒಪ್ಪಂದವಾಯಿತು. ಅವನನ್ನು ಕೂರಿಸಿಕೊಂಡು ಹೊಸ ಪಾಠ ಹೇಳಿದೆ: "ಗಿರಾಕಿ ಕೇಳಿದರೆ ನಿಜ ಹೇಳು. ಕೇಳದೆ ಇದ್ದರೆ ಸುಮ್ಮನಿರು."

"ಕೇಳಿದ್ರೆ ನಿಜ. ಕೇಳದಿದ್ರೆ ಸುಮ್ಮನೆ," ಅಂತ ಹತ್ತು ಸಲ ಹೇಳಿ ಗಟ್ಟಿ ಮಾಡಿಕೊಂಡ.

ಆದದ್ದೇ ಬೇರೆ. ಬೀಚಿಗೆ ವಾಕಿಂಗ್ ಬರುವ ಹಿರಿಯರೆಲ್ಲ ಅವನನ್ನೇ ಹುಡುಕಿಕೊಂಡು ಬಂದು, "ತಂಬಿ, ಇವತ್ತು ಏನು ತಿನ್ನಬಹುದು?" ಅಂತ ಕೇಳತೊಡಗಿದರು. ಅವನ ಬಾಯಿಗೆ ಹೆದರಿ ಅಡುಗೆಯವರು ಗಂಟೆಗೊಮ್ಮೆ ಬಿಸಿ ವಡೆ ಕರಿಯತೊಡಗಿದರು. ಮೂರು ತಿಂಗಳಲ್ಲಿ ಹೋಟೆಲಿನಲ್ಲಿ ಕೂರಲು ಜಾಗವಿಲ್ಲ.

ನಾನು ನೋಡಲು ಹೋದಾಗ ಮಾಲೀಕರಿಗೆ ಸಂಭ್ರಮವೋ ಸಂಭ್ರಮ. "ಇವತ್ತು ನಿಮಗೆ ನನ್ನ ಕೈಯಾರೆ ಕಾಫಿ," ಅಂತ ಒಳಗೆ ಹೋಗಿ, ತಾವೇ ಬೆರೆಸಿ, ಹಬೆಯಾಡುವ ಡಬರಾ ಲೋಟ ತಂದಿಟ್ಟರು. ಅವನೂ ಒಳಗಿಂದ ಅವರ ಹಿಂದೆಯೇ ಬಂದು, ಕೈಕಟ್ಟಿಕೊಂಡು ಪಕ್ಕದಲ್ಲೇ ನಿಂತ. ಒಂದು ಗುಟುಕು ಕುಡಿದೆ. ಸಕ್ಕರೆಯ ಬದಲು ಉಪ್ಪು!

"ಹೇಗಿದೆ ಮೇಡಂ?" ಅಂದರು ಮಾಲೀಕರು, ಕಣ್ಣರಳಿಸಿ.

ಅಷ್ಟು ಪ್ರೀತಿಯಿಂದ ಕೊಟ್ಟವರಿಗೆ ಹೇಗೆ ಹೇಳುವುದು? ಉಸಿರು ಬಿಗಿಹಿಡಿದು ಇನ್ನೊಂದು ಗುಟುಕು ನುಂಗಿ, "ತುಂಬಾ ಚೆನ್ನಾಗಿದೆ ಸರ್," ಅಂದೆ. ಅವರು ಬೀಗುತ್ತಾ ಗಲ್ಲಾ ಕಡೆ ಹೋದರು. ನಾನು ಮೆಲ್ಲಗೆ ಅವನ ಕಡೆ ತಿರುಗಿದೆ.

"ಏನಪ್ಪಾ, ಇದಕ್ಕೆ ಸರ್ ಏನು ಹಾಕಿದ್ರು?"

"ಉಪ್ಪು ಮೇಡಂ. ಎರಡು ಚಮಚ. ನಾನು ನೋಡ್ತಾನೇ ಇದ್ದೆ."

"ಅಯ್ಯೋ, ಮತ್ತೆ ಕುಡಿಯೋಕೆ ಮುಂಚೆ ಹೇಳಬಾರದಿತ್ತಾ?"

ಅವನು ನನ್ನನ್ನೇ ನೋಡಿದ, ಪಾಠ ಮರೆತ ಮೇಷ್ಟ್ರನ್ನು ನೋಡುವ ಹಾಗೆ.

"ನೀವು ಕೇಳಲೇ ಇಲ್ಲವಲ್ಲ ಮೇಡಂ."